ಔಟ್‌ಪುಟ್ ಬಂತಾ?

ನಮ್ಮ ಕಂಪ್ಯೂಟರ್ ಲ್ಯಾಬುಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಔಟ್‌ಪುಟ್ ಬಂತಾ?" ಹೊಸ ಅಳಿಯ ಬಂದನಾ ಅಂತಲೂ ಯಾರೂ ಇಷ್ಟು ಕಾತರದಿಂದ ಕೇಳಲಿಕ್ಕಿಲ್ಲ. ಬಂದರೆ ಪಾಸು.

ಮೊನ್ನೆ ಅಕ್ಕನ ಮಗ ಲ್ಯಾಬ್ ರೆಕಾರ್ಡ್ ತಂದು ತೋರಿಸಿದ. ಬಲಗಡೆ ಗೆರೆ ಪುಟದಲ್ಲಿ ಪೈಥಾನ್ ಪ್ರೋಗ್ರಾಂ, ಎಡಗಡೆ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಔಟ್‌ಪುಟ್, ಕೆಳಗೆ ಕೆಂಪು ಶಾಯಿಯ ಸಹಿ. ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ ಅದು, ಅಂದರೆ ಕರೆದಾಗ ಒಂದು ಕೆಲಸ ಮಾಡಿಕೊಡುವ ಪ್ರೋಗ್ರಾಂ ತುಂಡು. ಒಳಗೇ ಕೂಡಿಸಿ, ಒಳಗೇ ಪ್ರಿಂಟ್ ಮಾಡಿ, ಅಂದರೆ ಉತ್ತರವನ್ನು ಪರದೆಗೆ ತೋರಿಸಿ, ಕೈ ತೊಳೆದುಕೊಂಡಿದ್ದಾನೆ. ಉತ್ತರವನ್ನು ಕರೆದ ಕಡೆಗೆ ವಾಪಸ್ ಕೊಡುವ ರಿಟರ್ನ್ ಅನ್ನೋ ಪದವೇ ಇಲ್ಲ.

"ಎರಡು, ಮೂರು ಕೊಟ್ಟು ನೋಡು. ಬಂದ ಉತ್ತರಕ್ಕೆ ಇನ್ನೊಂದು ಕೂಡಿಸು" ಅಂದೆ. ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ 5 ಬಂತು. ಅದರ ಕೆಳಗೇ ಟೈಪ್ ಎರರ್. 'ನನ್' ಜೊತೆ ಒಂದನ್ನು ಕೂಡಿಸಲು ಆಗುವುದಿಲ್ಲವಂತೆ. ಈ 'ನನ್' ನಮ್ಮ 'ನನ್ ಮಗ'ದ ನನ್ ಅಲ್ಲ. ಏನೂ ಇಲ್ಲ ಅಂತ ಅರ್ಥ. ರಿಟರ್ನ್ ಬರೆಯದಿದ್ದರೆ ಪೈಥಾನ್ ಫಂಕ್ಷನ್ ಕೊಡುವುದು ಅದನ್ನೇ.

"ಐದು ಕಣ್ಣೆದುರೇ ಇದೆಯಲ್ಲ ಮಾಮ!"

ಇದೆ. ದರ್ಶಿನಿಯಲ್ಲಿ ಟೋಕನ್ ಕೊಟ್ಟು ನಿಂತಾಗ, "ಒಂದು ಮಸಾಲೆ ಆಯ್ತು!" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿ, ತಟ್ಟೆಯನ್ನು ಒಳಗೇ ಇಟ್ಟುಕೊಂಡ ಹಾಗೆ. ಪಕ್ಕದಲ್ಲಿ ಚಟ್ನಿ ಸೌಟು ಹಿಡಿದು ನಿಂತವನು ಯಾವುದಕ್ಕೆ ಹಾಕಬೇಕು?

ಹುಡುಗನ ತಪ್ಪೇನೂ ಜಾಸ್ತಿ ಇಲ್ಲ ಬಿಡಿ. ನಮ್ಮ ಕಾಲದಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆಯುತ್ತಿದ್ದ ಟರ್ಬೊ ಸಿಯ ನೀಲಿ ಪರದೆಯಲ್ಲಿ 'ವಾಯ್ಡ್ ಮೇನ್' ಅಂತಲೇ ಶುರು. ಏನನ್ನೂ ವಾಪಸ್ ಕೊಡುವುದಿಲ್ಲ ಅಂತ ಮೊದಲೇ ಪ್ರಮಾಣ! ಪ್ರೋಗ್ರಾಂ ಶುರುವಾಗುವ ಫಂಕ್ಷನ್ನಾದ ಮೇನ್ ಒಂದು ಪೂರ್ಣಾಂಕ ರಿಟರ್ನ್ ಮಾಡಬೇಕು ಅಂತ 1989ರ ಸಿ ಸ್ಟ್ಯಾಂಡರ್ಡ್, ಅಂದರೆ ಆ ಭಾಷೆಯ ನಿಯಮಪುಸ್ತಕ, ಹೇಳಿತ್ತು. ಹೇಳಲಿ, ರೆಕಾರ್ಡಿಗೆ ಸಹಿ ಹಾಕುವುದು ಸ್ಟ್ಯಾಂಡರ್ಡ್ ಅಲ್ಲವಲ್ಲ. ಅಸಲಿಗೆ ಪರದೆಗೆ ಮುದ್ರಿಸುವ ಸಿಯ ಪ್ರಿಂಟ್‌ಎಫ್ ಕೂಡ ಸುಮ್ನೆ ಕೂಗಿ ಹೋಗುವುದಿಲ್ಲ, ಎಷ್ಟು ಅಕ್ಷರ ಮುದ್ರಿಸಿದೆ ಅನ್ನೋ ಲೆಕ್ಕ ರಿಟರ್ನ್ ಮಾಡುತ್ತದೆ. ಆ ಲೆಕ್ಕ ಕೇಳಿದವರನ್ನು ನಾನಂತೂ ನೋಡಿಲ್ಲ.

ಪ್ರಿಂಟ್ ಅಳಿಸಿ ರಿಟರ್ನ್ ಹಾಕಿಸಿ ಕಳಿಸಿದೆ. ಸಂಜೆ ಮುಖ ಊದಿಸಿಕೊಂಡು ಬಂದ. ಲ್ಯಾಬಲ್ಲಿ ರನ್ ಮಾಡಿದರೆ ಪರದೆ ಖಾಲಿ. "ಔಟ್‌ಪುಟ್ ಎಲ್ಲಪ್ಪಾ?" ಅಂದರಂತೆ ಮೇಡಂ. "ರಿಟರ್ನ್ ಆಗಿದೆ ಮೇಡಂ" ಅಂದನಂತೆ ಇವನು.

ಸಹಿ ಹಾಕದೆ ರೆಕಾರ್ಡನ್ನೂ ರಿಟರ್ನ್ ಮಾಡಿದ್ದಾರೆ.