ಒಂದೇ ದಿನಕ್ಕೆ ಐದು ಜಾಗ ಸುತ್ತಿಸೋ ಶಾಲಾ ಪ್ರವಾಸದ ಬಗ್ಗೆ

ಡಿಸೆಂಬರ್ ಬಂತಂದ್ರೆ ಶಾಲೆಗಳಲ್ಲಿ ಟೂರ್ ಗಲಾಟೆ ಶುರು. ನಮ್ಮ ಕಡೆ ಪ್ರೈಮರಿ ಮಕ್ಕಳು ಅಂದ್ರೆ ಮೈಸೂರು ಗ್ಯಾರಂಟಿ. ಬೆಳಗಿನ ಜಾವ ಬಸ್ ಹೊರಟ್ರೆ ಚಾಮುಂಡಿ ಬೆಟ್ಟ, ಝೂ, ಅರಮನೆ, ಶ್ರೀರಂಗಪಟ್ಟಣ, ಕತ್ತಲಾಗೋ ಹೊತ್ತಿಗೆ ಕೆಆರ್‌ಎಸ್ ಕಾರಂಜಿ, ವಾಪಸ್ ಬರೋವಾಗ ಅರ್ಧ ಮಕ್ಕಳು ವಾಂತಿ ಮಾಡ್ಕೊಂಡು ಇನ್ನರ್ಧ ನಿದ್ದೆ. ಟೀಚರ್‌ಗಳನ್ನ ಬೈತಾ ಇಲ್ಲ, ಅಷ್ಟು ಮಕ್ಕಳ ತಲೆ ಎಣಿಸಿಕೊಂಡು ಓಡಾಡೋ ಅವರ ಟೆನ್ಶನ್ ಪಕ್ಕದಲ್ಲಿದ್ದು ನೋಡಿದೀನಿ. ಪ್ಲಾನ್ ಬಗ್ಗೆನೇ ನನ್ನ ತಕರಾರು. ಜಾಗ ಕಮ್ಮಿ ಮಾಡಿ, ಟೈಮ್ ಜಾಸ್ತಿ ಕೊಡಿ, ಮಕ್ಕಳ ಕೈಗೆ ಏನಾದ್ರೂ ಕೆಲಸ ಕೊಡಿ.

ಮಗಳ ಕ್ಲಾಸಿನ ಟ್ರಿಪ್‌ಗೆ ಪೋಷಕರು ಬೇಕು ಅಂದಾಗ ನಾನೂ ಹೋಗಿದ್ದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ಪಶ್ಚಿಮದ ಗೋಡೆ ತುಂಬಾ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆಯಲ್ಲ, ಹೈದರ್, ಟಿಪ್ಪು ಸೇರಿ ಬ್ರಿಟಿಷರನ್ನ ಸೋಲಿಸಿದ್ದು, ಅದರಲ್ಲಿ ಮದ್ದಿನ ಗಾಡಿ ಸಿಡಿಯೋದು ಇದೆ, ಗಾಯ ಆದ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಯ್ಲಿ ಪಲ್ಲಕ್ಕಿಲಿ ಕೂತಿರೋದು ಇದೆ, ಕುದುರೆ ಆನೆ ಲೆಕ್ಕಕ್ಕೇ ಸಿಗಲ್ಲ. ಒಂದು ಹುಡುಗಿ ಪಲ್ಲಕ್ಕಿ ತೋರ್ಸಿ "ಎಲ್ರೂ ಜಗಳ ಆಡ್ತಿದ್ರೆ ಇವ್ರು ಯಾಕೆ ಕೂತವ್ರೆ?" ಅಂತ ಕೇಳಿದ್ಲು. ಎಂಥಾ ಒಳ್ಳೆ ಪ್ರಶ್ನೆ! ಉತ್ತರ ಹೇಳೋಕೆ ಮುಂಚೆನೇ ಸೀಟಿ ಹೊಡೆದ್ರು, ಲೇಟಾಯ್ತು ಬನ್ನಿ ಬನ್ನಿ ಅಂತ. ಅಲ್ಲಿ ಒಂದು ಗಂಟೆ ಮಕ್ಕಳನ್ನ ಕೂರ್ಸಿ, ಗೋಡೆಯಲ್ಲಿ ನಿಂಗೆ ಇಷ್ಟ ಆದ ಒಬ್ಬ ಮನುಷ್ಯನ ಚಿತ್ರ ಬರಿ ಅಂದಿದ್ರೆ ಸಾಕಿತ್ತು, ಆ ಯುದ್ಧ ಅವರಿಗೆ ಜನ್ಮಕ್ಕೆ ಮರೀತಿರಲಿಲ್ಲ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆ ಸ್ಮಾರಕಗಳಲ್ಲಿ ಟಿಕೆಟ್ಟೂ ಇಲ್ಲ, ಅಂದ್ಮೇಲೆ ಅಲ್ಲಿ ನಿಧಾನವಾಗಿ ಕೂತ್ರೆ ಯಾರ ಜೇಬಿಗೂ ಭಾರ ಇಲ್ಲ.

ಇನ್ನೊಂದು ಮಾತು. ಇತಿಹಾಸ ನೋಡೋಕೆ ಬಸ್ಸೇ ಹತ್ತಬೇಕು ಅಂತೇನಿಲ್ಲ. ನಮ್ಮಲ್ಲಿ ಎಷ್ಟೋ ಊರಲ್ಲಿ ಕೆರೆ ಏರಿ ಮೇಲೋ, ಹನುಮಂತರಾಯನ ಗುಡಿ ಹಿಂದೆನೋ ಒಂದು ವೀರಗಲ್ಲು ನಿಂತಿರುತ್ತೆ, ಎಷ್ಟೋ ಕಡೆ ಅದರ ಮೇಲೆ ಬಟ್ಟೆ ಒಗೀತಾರೆ. ಅದನ್ನ ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಲಿ ಹೊಡೆದಾಟ, ನಡುವೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಅವನು ದೇವರ ಮುಂದೆ ಕೂತಿರೋದು. ನಾಲ್ಕನೇ ಕ್ಲಾಸಿನ ಮಗುಗೆ ಇದನ್ನ ಒಂದ್ಸಲ ಹೇಳಿಕೊಟ್ರೆ ಮುಂದಿನ ಕಲ್ಲನ್ನ ತಾನೇ ಓದುತ್ತೆ. ಅಕ್ಷರ ಇದ್ರೆ ಸಂಜೆ ನಾಲ್ಕೂವರೆ ಮೇಲೆ ಹೋಗಿ, ಓರೆ ಬಿಸಿಲು ಬಿದ್ದಾಗ ಸವೆದ ಅಕ್ಷರನೂ ಎದ್ದು ಕಾಣುತ್ತೆ, ಇಲ್ಲಾಂದ್ರೆ ಪಕ್ಕದಿಂದ ಟಾರ್ಚ್ ಹಿಡೀರಿ. ಎಣ್ಣೆ, ಬಣ್ಣ, ಸುಣ್ಣ ಮಾತ್ರ ಹಚ್ಚಿಸಬೇಡಿ, ದಯವಿಟ್ಟು. ಶಾಸನ ತಜ್ಞ ಬಿ. ಎಲ್. ರೈಸ್ ಅವರು ಹಳೇ ಮೈಸೂರಿನ ಶಾಸನಗಳನ್ನ ತಾಲ್ಲೂಕುವಾರು ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಪುಸ್ತಕಗಳಲ್ಲಿ ಪ್ರಿಂಟ್ ಮಾಡ್ಸಿ ನೂರು ವರ್ಷದ ಮೇಲಾಯ್ತು, ಅದರಲ್ಲಿ ನಿಮ್ಮೂರ ಹೆಸರು ಹುಡುಕಿ, ಸಿಕ್ರೆ ಮಕ್ಕಳ ಮುಖ ನೋಡ್ಬೇಕು ನೀವು.

ಮದ್ದೂರು ತಾಲ್ಲೂಕಿನ ಆತಕೂರು ಕಲ್ಲಿನ ಕಥೆನಂತೂ ಎಲ್ಲಾ ಶಾಲೇಲೂ ಹೇಳ್ಬೇಕು. 949ರ ಸುಮಾರಿನದು. ಗಂಗರ ರಾಜ ಬೂತುಗ, ಯುದ್ಧದಲ್ಲಿ ಮೆಚ್ಚಿದ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದ್ರೆ ಅವನು ಕಾಳಿ ಅನ್ನೋ ಬೇಟೆನಾಯಿ ಕೇಳ್ದ. ಆ ಕಾಳಿ ಒಂದು ದೊಡ್ಡ ಹಂದಿ ಜೊತೆ ಹೋರಾಡಿ ಎರಡೂ ಸತ್ತವು, ನಾಯಿ ನೆನಪಿಗೆ ಕಲ್ಲು ಹಾಕಿಸ್ದ. ನಾಯಿ ಹಂದಿ ಕಚ್ಚಾಡ್ತಿರೋದು ಕಲ್ಲಲ್ಲೇ ಕೆತ್ತಿದೆ, ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂದು. ರಾಜರ ಹೆಸರು ಬಾಯಿಪಾಠ ಆಗದ ಮಕ್ಕಳಿಗೆ ಕಾಳಿ ಹೆಸರು ಒಂದೇ ಸಲಕ್ಕೆ ನೆನಪಿರುತ್ತೆ, ಅದರ ಬೆನ್ನಿಗೆ ಬೂತುಗನೂ ಬರ್ತಾನೆ.

ಸ್ಪೋರ್ಟ್ಸ್ ಡೇಲೂ ಇದೇ ಕಥೆ ನೋಡಿ. ಓಡೋಕೆ ಬರೋ ಹತ್ತು ಮಕ್ಕಳು ನೂರು ಮೀಟರಿಗೂ ಅವರೇ, ಲಾಂಗ್ ಜಂಪಿಗೂ ಅವರೇ, ಖೋಖೋಗೂ ಅವರೇ. ಉಳಿದವರು ಬಿಸಿಲಲ್ಲಿ ಸಾಲಾಗಿ ಕೂತು ಚಪ್ಪಾಳೆ, ಮುಖ್ಯ ಅತಿಥಿಗಳ ಭಾಷಣ ಬೇರೆ. ಹೋಬಳಿ, ತಾಲ್ಲೂಕು ಮಟ್ಟಕ್ಕೆ ಟೀಮ್ ಕಳಿಸ್ಬೇಕು, ಸರಿ, ಅದು ಬೇರೆ ದಿನ ಮಾಡಿ. ಶಾಲೆ ದಿನದಲ್ಲಿ ಪ್ರತಿ ಮಗುನೂ ಆಡ್ಲಿ. ಲಗೋರಿ ಇಡಿ, ಕುಂಟೆಬಿಲ್ಲೆ ಇಡಿ, ಓಡೋಕಾಗದ ಮಗುಗೆ ಅಳಗುಳಿಮಣೆ, ಹುಲಿ-ಕುರಿ ಇಡಿ. ಹಂಪಿ ದೇವಸ್ಥಾನಗಳ ನೆಲಗಲ್ಲಿನ ಮೇಲೆ ಇಂಥಾ ಆಟದ ಮನೆಗಳನ್ನ ಕೆತ್ತಿರೋದನ್ನ ನೀವೂ ನೋಡಿರ್ತೀರ, ಆ ಫೋಟೋ ತೋರ್ಸಿ ಆಮೇಲೆ ಆಡ್ಸಿದ್ರೆ ಅದೇ ಇತಿಹಾಸ ಪಾಠ ಆಯ್ತು.

ಹಂಪಿಯ ವಿರೂಪಾಕ್ಷ ಗುಡಿ ಒಳಗಡೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತಲ್ಲ, ಅದನ್ನೂ ಕ್ಲಾಸಲ್ಲೇ ಮಾಡ್ಬಹುದು. ಒಂದು ಶೂ ಬಾಕ್ಸ್, ಒಂದು ಕಡೆ ಸೂಜಿ ತೂತು, ಎದುರು ಕಡೆ ಕತ್ತರಿಸಿ ಅಲ್ಲಿಗೆ ಅಂಟಿಸಿದ, ಎಣ್ಣೆ ಸವರಿದ ಪೇಪರ್. ತಲೆ ಮೇಲೆ ಟವಲ್ ಹಾಕ್ಕೊಂಡು ನೋಡಿದ್ರೆ ಹೊರಗಿನ ತೆಂಗಿನಮರ ತಲೆಕೆಳಗೆ ಕಾಣುತ್ತೆ. ಐದು ರೂಪಾಯಿನೂ ಖರ್ಚಿಲ್ಲ.

ಪೋಷಕರೇ, ಈ ಸಲದ ಮೀಟಿಂಗಲ್ಲಿ ಟೂರ್ ಲಿಸ್ಟ್ ಓದ್ತಾರಲ್ಲ, ಆಗ ಎದ್ದು ನಿಂತು ಕೇಳಿ, ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು, ಅಲ್ಲಿ ಮಕ್ಕಳು ಏನು ಮಾಡ್ತಾರೆ ಅಂತ. ಕೆಆರ್‌ಎಸ್ ಬಿಟ್ಟು ಶ್ರೀರಂಗಪಟ್ಟಣ ಒಂದೇ ಇಡೀ ದಿನ ಮಾಡಿ ಅಂತ ನಾನಂತೂ ಬರೆದು ಕೊಡ್ತಿದೀನಿ. ನಿಮ್ಮೂರ ಶಾಲೇಲಿ ವೀರಗಲ್ಲು ನೋಡೋಕೆ ಮಕ್ಕಳನ್ನ ಕರ್ಕೊಂಡು ಹೋದ ಟೀಚರ್‌ಗಳು ಇದ್ರೆ ಕೆಳಗೆ ಬರೀರಿ, ಹೇಗೆ ಮಾಡಿದ್ರಿ ಅಂತ ಕೇಳ್ಬೇಕು ನಂಗೆ.