ಕಂಪ್ಯೂಟರಿನ ಮನೆ ಅಳಿಯ

1995ರಲ್ಲಿ ವಿಂಡೋಸ್ 95 ಆಗಿ ಬಂದಾಗ, ಕಂಪ್ಯೂಟರನ್ನು ನಡೆಸುವ ಮೈಕ್ರೋಸಾಫ್ಟಿನ ಈ ತಂತ್ರಾಂಶ ಬಡವರ ಮನೆ ಹುಡುಗ. ಹದಿಮೂರು ಫ್ಲಾಪಿಗಳ ಗಂಟು ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ‘ನಾಲ್ಕು ಎಂಬಿ ರ‍್ಯಾಮ್ ಇದ್ದರೆ ಹೇಗೋ ಬದುಕಿಕೊಳ್ಳುತ್ತೇನೆ’ ಅಂದಿದ್ದ. ಅವನ ಕೆಲಸವಾದರೂ ಏನು? ನಾವು ಬರೆಯಲು ಕೂತರೆ ಮಣೆ ಹಾಕಬೇಕು, ಅಚ್ಚು ಹಾಕಬೇಕೆಂದರೆ ಪ್ರಿಂಟರನ್ನು ಕೂಗಬೇಕು, ಆಮೇಲೆ ಬದಿಗೆ ಸರಿಯಬೇಕು. ಅಷ್ಟೇ.

ಈಗ ಅದೇ ಅಳಿಯನಿಗೆ ಕನಿಷ್ಠ ನಾಲ್ಕು ಜಿಬಿ ರ‍್ಯಾಮ್ ಬೇಕು. ಲೆಕ್ಕ ಹಾಕಿದರೆ 1024 ಪಟ್ಟು. ಕಾಲು ಚಾಚಲು 64 ಜಿಬಿ ಜಾಗ ಬೇರೆ. ಇದೆಲ್ಲ ಕಾಗದದ ಮೇಲಿನ ‘ಕನಿಷ್ಠ’. ‘ನಮಗೇನೂ ಬೇಡ, ಮದುವೆ ಚೆನ್ನಾಗಿ ಮಾಡಿಕೊಟ್ಟರೆ ಸಾಕು’ ಎಂಬ ಮಾತಿಗೆ ಏನರ್ಥವೆಂದು ಹೆಣ್ಣಿನ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬರುವಾಗ ಒಬ್ಬನೇ ಬರುವುದೂ ಇಲ್ಲ. ವಿಂಡೋಸ್ ಹತ್ತು ಕ್ಯಾಂಡಿ ಕ್ರಶ್ ಆಟವನ್ನು ಜೊತೆಗೇ ಕರೆತಂದಿತ್ತು. ಲೆಕ್ಕಪತ್ರ ಬರೆಯಲು ಕೊಂಡ ಯಂತ್ರದಲ್ಲಿ ಮಿಠಾಯಿ ಜೋಡಿಸುವ ಆಟ! ಹನ್ನೊಂದರಲ್ಲಿ, 2024ರ ಏಪ್ರಿಲ್‌ನಿಂದ, ಸ್ಟಾರ್ಟ್ ಮೆನುವಿನಲ್ಲೇ ಮೈಕ್ರೋಸಾಫ್ಟಿನ ಆ್ಯಪ್ ಅಂಗಡಿಯ ಜಾಹೀರಾತು ಶುರುವಾಯಿತು. ಅದಕ್ಕೆ ಇಟ್ಟ ಹೆಸರು ‘ಶಿಫಾರಸು’. ನಮ್ಮ ಮನೆ ಜಗುಲಿಯಲ್ಲಿ ಕೂತು ನಮಗೇ ಪಾಲಿಸಿ ಮಾರುವ ಅಳಿಯಂದಿರನ್ನು ನೋಡಿಲ್ಲವೇ, ಅವರ ಪೈಕಿ.

ಇನ್ನು ರೀಕಾಲ್ ಅಂತ ಒಂದು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟಿನವರು ಸಾರಿದರು: ಕೆಲವೇ ಸೆಕೆಂಡುಗಳಿಗೊಮ್ಮೆ ನಿಮ್ಮ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳುತ್ತೇವೆ, ನೀವು ಏನು ಎಲ್ಲಿ ನೋಡಿದಿರೆಂದು ಮರೆತರೆ ಹುಡುಕಿಕೊಡುತ್ತೇವೆ. ‘ಮಾವ, ಮೊನ್ನೆ ಬೀರುವಿನ ಬೀಗದ ಕೈ ಎಲ್ಲಿಟ್ಟಿರಿ ಅಂತ ನೀವು ಮರೆತರೂ ನಾನು ಮರೆಯಲ್ಲ’ ಎಂದ ಹಾಗಾಯಿತು. ಜನ ಬೊಬ್ಬೆ ಹೊಡೆದ ಮೇಲೆ ಮುಂದಕ್ಕೆ ಹಾಕಿ, ‘ಬೇಕಾದವರು ಮಾತ್ರ ಚಾಲೂ ಮಾಡಿಕೊಳ್ಳಿ’ ಅಂದರು.

2015ರಲ್ಲಿ ಮೈಕ್ರೋಸಾಫ್ಟಿನ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ, ವಿಂಡೋಸ್ ಹತ್ತೇ ಕೊನೆಯದು ಅಂದಿದ್ದರು. ಆರು ವರ್ಷಕ್ಕೆ ಹನ್ನೊಂದು ಬಂತು. ಅಳಿಯ ಅಲ್ಲ, ಮಗಳ ಗಂಡ! ಎಡಮೂಲೆಯಲ್ಲಿ ಕೂರುತ್ತಿದ್ದ ಸ್ಟಾರ್ಟ್ ಗುಂಡಿ ನಡುಮನೆಗೆ ಬಂದು ಕೂತಿತು. ಜೊತೆಗೆ ಜಾತಕ ನೋಡುವ ಪದ್ಧತಿ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆಯೇ? ಪ್ರೊಸೆಸರ್ ಇಂಟೆಲ್ ಎಂಟನೇ ತಲೆಮಾರಿನದೋ, ಅದರ ನಂತರದ್ದೋ? ಏಳನೆಯದಾದರೆ, ಒಂದೆರಡು ಪುಣ್ಯವಂತರನ್ನು ಬಿಟ್ಟು, ಗೋತ್ರ ಕೂಡಿಬರುವುದಿಲ್ಲ. ಯಂತ್ರ ಗುಂಡುಕಲ್ಲಿನ ಹಾಗಿದ್ದರೂ ಅಷ್ಟೇ. ಹತ್ತಕ್ಕೆ 2025ರ ಅಕ್ಟೋಬರ್ 14ರಂದು ಎಳ್ಳುನೀರು ಬಿಟ್ಟರು. ಇನ್ನೊಂದು ವರ್ಷ ಭದ್ರತೆಯ ತೇಪೆ ಬೇಕಿದ್ದರೆ 30 ಡಾಲರ್ ಎಂದು ದರ ಹೇಳಿದರು. ದುಡ್ಡಿಲ್ಲವೇ? ನಿಮ್ಮ ಸೆಟ್ಟಿಂಗ್ಸನ್ನೆಲ್ಲ ನಮ್ಮ ಖಾತೆಗೆ ಸಿಂಕ್ ಮಾಡಿ, ಪುಕ್ಕಟೆ.

ಹಾಗಾದರೆ ಬೇರೆ ಸಂಬಂಧ? ಆ್ಯಪಲ್ ದೊಡ್ಡವರ ಮನೆ. ಹುಡುಗ ಸುಂದರ, ಮಾತು ಕಡಿಮೆ. ಆದರೆ ರ‍್ಯಾಮ್ ಎಷ್ಟೆಂದು ನಿಶ್ಚಿತಾರ್ಥದ ದಿನವೇ ಹೇಳಿಬಿಡಬೇಕು, ಆಮೇಲೆ ಹೆಚ್ಚಿಸುವಂತಿಲ್ಲ. ಉಳಿದದ್ದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು. ಕಾಸಿಲ್ಲ, ವರದಕ್ಷಿಣೆಯಿಲ್ಲ, ಹಳೇ ಯಂತ್ರವಾದರೂ ಅಡ್ಡಿಯಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ತೊಂದರೆ ಇರುವುದು ಮದುವೆ ದಲ್ಲಾಳಿಗಳಲ್ಲಿ. ಲಿನಕ್ಸಿನ ಹಲವು ರೂಪಗಳಲ್ಲಿ ಯಾವುದು, ಉಬುಂಟುವೋ ಮಿಂಟೋ ಫೆಡೋರಾವೋ ಎಂದು ಇಬ್ಬರು ಲಿನಕ್ಸಿಗರನ್ನು ಒಟ್ಟಿಗೆ ಕೇಳಿ ನೋಡಿ. ನೀವು ಕಾಫಿ ಕುಡಿದು ಬಂದರೂ ಜಗಳ ಮುಗಿದಿರುವುದಿಲ್ಲ, ಮೂರನೆಯವನು ಬಂದು ಸೇರಿಕೊಂಡಿರುತ್ತಾನೆ.

ಈ ದಲ್ಲಾಳಿತನವನ್ನು ನಾನೂ ಒಮ್ಮೆ ಮಾಡಿದೆ. ನಮ್ಮ ಬೀದಿಯ ಡಿಟಿಪಿ ಅಂಗಡಿಗೆ ಮಿಂಟ್ ತುಂಬಿದ ಪೆನ್‌ಡ್ರೈವ್ ಒಯ್ದೆ. ಇನ್‌ಸ್ಟಾಲ್ ಮಾಡದೆಯೇ ನಡೆಸಿ ನೋಡಬಹುದಲ್ಲ, ಪೆನ್‌ಡ್ರೈವಿನಿಂದಲೇ ಎಬ್ಬಿಸಿದೆ. ಮಾಲೀಕರು ಕನ್ನಡಕ ಏರಿಸಿ ನೋಡಿದರು.

“ಪರವಾಗಿಲ್ಲ ಸಾರ್, ಬೇಗ ಎದ್ದ. ಜಾಹೀರಾತು ಇಲ್ವಾ?”

“ಇಲ್ಲ.”

“ಮತ್ತೆ ಹೊಟ್ಟೆಪಾಡಿಗೆ ಏನ್ ಮಾಡ್ತಾನೆ?”

ಆಮೇಲೆ ಹಳೆಯ ಲಗ್ನಪತ್ರಿಕೆಯ ಫೈಲ್ ತೆರೆದರು. ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಮಾಡಿದ್ದು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ತಯಾರಿಸಿದವರೇ ಅದನ್ನು ಮರೆತಿದ್ದಾರೆ, ನಮ್ಮ ಡಿಟಿಪಿ ಅಂಗಡಿಗಳು ಮರೆತಿಲ್ಲ. ಮಿಂಟಿನಲ್ಲಿದ್ದ ಲಿಬ್ರೆಆಫೀಸ್ ತಂತ್ರಾಂಶ ಫೈಲನ್ನೇನೋ ಬಿಚ್ಚಿತು. ಆದರೆ ಫಾಂಟ್ ಇಲ್ಲದೆ ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂಬ ಸಾಲು ಕೊಂಬು, ಚುಕ್ಕಿ, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆಯಾಗಿ ನಿಂತಿತು.

“ಈ ಮಾಮ ಯಾವ ದೇಶದೋನು ಸಾರ್?” ಅಂದರು.

ಫಾಂಟ್ ತಂದು ಹಾಕಿದರೆ ಓದಬಹುದು, ಎಲ್ಲ ಕಂಪ್ಯೂಟರಿಗೂ ಒಪ್ಪುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಾದರೆ ಇಲ್ಲೇ ಧಾರಾಳವಾಗಿ ಕನ್ನಡ ಟೈಪ್ ಮಾಡಬಹುದು ಎಂದೆಲ್ಲ ವಿವರಿಸಿದೆ. ಅವರು ಗೋಡೆ ಪಕ್ಕದ ಕಪಾಟು ತೋರಿಸಿದರು. ಸಿಡಿಗಳ ಸಾಲು ಸಾಲು: ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ದೇವಸ್ಥಾನದ ರಸೀದಿ ಪುಸ್ತಕ. ಹೋದ ಸಲದ್ದನ್ನೇ ತೆಗೆದು ಹೆಸರು, ಮುಹೂರ್ತ ಬದಲಾಯಿಸಿದರೆ ಈ ಸಲದ ಕಾರ್ಡು. ಇಷ್ಟನ್ನೂ ಹೊಸದಾಗಿ ಕೂರಿಸುವವರು ಯಾರು?

ಅಳಿಯನ ಗುಟ್ಟು ಆಗ ನನಗೆ ತಿಳಿಯಿತು. ಅವನ ಮುಖ ನೋಡಿಕೊಂಡು ಯಾರೂ ಸಾಕುತ್ತಿಲ್ಲ. ಮಗಳು ಅವನ ಕೈಯಲ್ಲಿದ್ದಾಳೆ.

ಕೊನೆಗೆ ರಾಜಿಯಾಯಿತು. ಹೊಸ ಕೆಲಸಕ್ಕೆ, ಮೇಲ್ ನೋಡುವುದಕ್ಕೆ ಲಿನಕ್ಸ್. ಪೇಜ್‌ಮೇಕರಿಗೆ ಮಾತ್ರ ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಹಳೇ ವಿಂಡೋಸ್. ಅಂಗಡಿಯವರು ಬಗ್ಗಿ ಆ ಕಂಪ್ಯೂಟರಿನ ಇಂಟರ್ನೆಟ್ ವೈರ್ ಕಿತ್ತು, ಸುತ್ತಿ, ಡ್ರಾಯರಿಗೆ ಹಾಕಿದರು.

“ಇರಲಿ ಬಿಡಿ ಸಾರ್, ಊಟ ಹಾಕೋಣ. ಬೀಗರ ಮನೆಗೆ ಫೋನ್ ಮಾಡೋದೊಂದು ತಪ್ಪಿದ್ರೆ ಸಾಕು.”