ದಾಟಿದ ಮೀನಷ್ಟೇ ಅಲ್ಲ, ದಾಟಲಾರದ ಮೀನೂ ಲೆಕ್ಕಕ್ಕೆ ಬರಲಿ

ಶಿಂಷಾ ನದಿಯ ಮಾರ್ಕೋನಹಳ್ಳಿ ಡ್ಯಾಂ ತುಂಬಿ, ಹೆಚ್ಚಾದ ನೀರನ್ನ ತಾನಾಗೇ ಹೊರಹಾಕೋ ಸೈಫನ್ ಶುರುವಾದರೆ ಸಾಕು, ಕುಣಿಗಲ್, ಎಡೆಯೂರು ಕಡೆಯಿಂದ ಜನ ಮೊಬೈಲ್ ಹಿಡಿದು ಬರ್ತಾರೆ. ಎಲ್ಲರ ಕಣ್ಣೂ ನೀರಿನ ಮೇಲೆ. ಕೆರೆ ಕೋಡಿ ಬಿದ್ದಾಗ ಹೊಸನೀರಿಗೆ ಮೀನು ಎದುರು ಹತ್ತೋದನ್ನ ನಮ್ಮ ಕಡೆ ನೋಡದವರಿಲ್ಲ. ಹಾಗಿದ್ದಮೇಲೆ ಶಿಂಷಾದಲ್ಲಿ ಹತ್ತಿ ಬಂದ ಮೀನು ಡ್ಯಾಂ ಗೋಡೆ ಬುಡದಲ್ಲಿ ಏನಾಗುತ್ತೆ ಅಂತ ಯಾಕೆ ಕೇಳಬಾರದು?

ಡ್ಯಾಂಗಳಿಗೆ ಮೀನಿನ ಮೆಟ್ಟಿಲು, ಅಂದರೆ ಮೀನು ಹಂತಹಂತವಾಗಿ ಹತ್ತಿ ಡ್ಯಾಂ ದಾಟೋ ನೀರಿನ ದಾರಿ, ಕಟ್ಟಿಸಿ ಅನ್ನೋ ಸ್ನೇಹಿತರಿಗೆ ನಾನು ಹೇಳೋದು ಒಂದೇ: ಮೊದಲು ಎಣಿಸೋಣ.

ಅಮೆರಿಕದ ಕೊಲಂಬಿಯಾ ನದಿಯ ಬಾನವಿಲ್ ಡ್ಯಾಂನಲ್ಲಿ 1938ರಿಂದಲೂ ಮೆಟ್ಟಿಲು ಹತ್ತುವ ಸಾಲ್ಮನ್ ಮೀನನ್ನ ಜಾತಿವಾರು ಎಣಿಸ್ತಾ ಬಂದಿದ್ದಾರೆ. ಆದರೆ ಆ ಲೆಕ್ಕಕ್ಕೆ ಸಿಗೋದು ದಾಟಿದ ಮೀನು ಮಾತ್ರ. ಬುಡದ ತನಕ ಬಂದು, ದಾರಿ ಕಾಣದೆ ವಾಪಸ್ ಹೋದದ್ದು? ಅದಕ್ಕೇ ಪಿಟ್ ಟ್ಯಾಗ್ ಅನ್ನೋ ಗುರುತಿನ ಚಿಪ್ ಬಂತು. ಅಕ್ಕಿಕಾಳಿನಷ್ಟು ಚಿಕ್ಕದು, ಬ್ಯಾಟರಿ ಇಲ್ಲ. ಮೀನಿನ ಮೈಯೊಳಗೆ ಸೇರಿಸಿ ಬಿಟ್ಟರೆ, ಆಂಟೆನಾ ಹತ್ತಿರ ಹಾದಾಗಲೆಲ್ಲ ತನ್ನ ನಂಬರ್ ಕೊಡುತ್ತೆ. ಮೆಟ್ಟಿಲಿನ ಬುಡಕ್ಕೊಂದು, ತಲೆಗೊಂದು ಆಂಟೆನಾ ಇಟ್ಟರೆ ಮೆಟ್ಟಿಲಿನ ಸಾಮರ್ಥ್ಯ ಗೊತ್ತಾಗುತ್ತೆ. ಕೆಳಗೆ ನೂರು ನಂಬರ್ ಸಿಕ್ಕಿ ಮೇಲೆ ಮೂವತ್ತೇ ಸಿಕ್ಕರೆ, ಕಟ್ಟಿದ್ದು ಕೆಲಸ ಮಾಡ್ತಿಲ್ಲ ಅಂತಲೇ ಅರ್ಥ.

ನಮ್ಮ ಮಳೆಗಾಲದ ಕೆಂಪು ನೀರಲ್ಲಿ ಕ್ಯಾಮೆರಾ ನಡೆಯಲ್ಲ. ಸೊನಾರ್ ಶಬ್ದದಿಂದ ನೋಡುತ್ತೆ, ಹಾಗಾಗಿ ಕೆಸರಿಗೂ ಕತ್ತಲೆಗೂ ಜಗ್ಗಲ್ಲ. ಆದರೆ ಒಂದೇ ಅಳತೆಯ ಎರಡು ಜಾತಿ ಎದುರು ಬಂದರೆ ಯಾವುದು ಯಾವುದು ಅಂತ ಹೇಳೋದು ಕಷ್ಟ. ಮೀನು ನದಿ ನೀರಲ್ಲಿ ಬಿಟ್ಟ ಡಿಎನ್‌ಎ ಹುಡುಕಿ ಜಾತಿ ಪತ್ತೆ ಮಾಡೋ ವಿಧಾನವೂ ಇದೆ. ಆದರೆ ಡ್ಯಾಂ ಮೇಲಿನ ಮೀನಿನ ಡಿಎನ್‌ಎ ನೀರಿನ ಜೊತೆ ಕೆಳಗೂ ಹರಿದು ಬರೋದರಿಂದ, ಕೆಳಗೆ ಸಿಕ್ಕಿದ ಮಾತ್ರಕ್ಕೆ ಆ ಮೀನು ಅಲ್ಲೇ ಇದೆ ಅನ್ನೋ ಹಾಗಿಲ್ಲ. ಒಂದೇ ವಿಧಾನ ನಂಬಿ ಕೂರಬಾರದು.

ಎಣಿಸದಿದ್ದರೆ ಏನು ನಷ್ಟ ಅಂತೀರಾ? ಸಮುದ್ರದಿಂದ ಮೊಟ್ಟೆಯಿಡೋಕೆ ನದಿ ಹತ್ತಿ, ಗಂಗೆಯಲ್ಲಿ ಅಲಹಾಬಾದ್ ದಾಟಿ ಹೋಗ್ತಿದ್ದ ಹಿಲ್ಸಾ ಮೀನು, 1975ರಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜ್ ಶುರುವಾದ ಮೇಲೆ ಮೇಲ್ಭಾಗದಲ್ಲಿ ಅಪರೂಪವಾಯ್ತು. ಈಗ ಬ್ಯಾರಕ್‌ಪುರದ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹಿಲ್ಸಾ ಹಿಡಿದು, ಟ್ಯಾಗ್ ಹಾಕಿ, ಬ್ಯಾರೇಜಿನ ಮೇಲ್ಭಾಗದ ನದಿಗೆ ಬಿಟ್ಟು ಜಾಡು ನೋಡ್ತಿದ್ದಾರೆ. ಈ ಕೆಲಸ ಇಲ್ಲಿ ಮೀನು ಇರುವಾಗಲೇ ಆಗಲಿ.

ಕಾಟ್ಲಾ, ರೋಹು ಮರಿ ತಂದು ಬಿಡೋದು ಇದಕ್ಕೆ ಉತ್ತರವಲ್ಲ. ಬಾಳೆಮೀನು, ಹಾವುಮೀನು, ಸಸಲು ಯಾವಾಗ ಹತ್ತುತ್ತವೆ ಅಂತ ಬಲೆ ಹಾಕೋರಿಗೆ ಚೆನ್ನಾಗಿ ಗೊತ್ತು. ಈ ಮುಂಗಾರಿಗೆ ಅವರಿಗೇ ದಿನಗೂಲಿ ಕೊಡಿ, ಜೊತೆಗೆ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನ ಕಳಿಸಿ. ಡ್ಯಾಂ ಕೆಳಗೆ ಸಿಕ್ಕಿದ ಮೀನಿನ ಜಾತಿ, ಉದ್ದ, ಮೊಟ್ಟೆ ಇತ್ತಾ ಇಲ್ಲವಾ, ಎಷ್ಟು ಹೊತ್ತಿಗೆ ಸಿಕ್ಕಿತು, ಎಲ್ಲ ಬರೆದು ವಾಪಸ್ ನೀರಿಗೆ ಬಿಡಲಿ. ಆ ಪಟ್ಟಿಯನ್ನ ವಾರವಾರ ಪಂಚಾಯಿತಿ ಬೋರ್ಡಿಗೆ ಅಂಟಿಸಿ.